ಎರಡು ವಾರವಾದರೂ ಇಳಿಯದ ಹಳದಿ: ಹೆತ್ತವರು ಏನು ನೋಡಬೇಕು, ಏನು ಕೇಳಬೇಕು

ಹುಟ್ಟಿದ ಕೆಲವೇ ದಿನಗಳಲ್ಲಿ ಮಗುವಿನ ಕಣ್ಣು, ಮೈ ಹಳದಿಯಾಗುವುದು ಸಾಮಾನ್ಯ. ಹೆಚ್ಚಿನ ಮಕ್ಕಳಲ್ಲಿ ಅದು ಎರಡು ವಾರದೊಳಗೆ ತಾನಾಗಿಯೇ ಇಳಿಯುತ್ತದೆ. ಇಳಿಯದೆ ಉಳಿದರೆ ಕಾರಣ ಹುಡುಕಲೇಬೇಕು. ಅಂಥ ಕೆಲವು ಮಕ್ಕಳಲ್ಲಿ ಲಿವರಿನಿಂದ ಪಿತ್ತರಸ ಕರುಳಿಗೆ ಹರಿಯುವುದಕ್ಕೇ ಹುಟ್ಟಿನಿಂದ ತೊಡಕಿರುತ್ತದೆ. ವಂಶವಾಹಿಯ ದೋಷದಿಂದ ಹೀಗಾಗುವ ಒಂದು ಗುಂಪಿನ ಕಾಯಿಲೆಗಳನ್ನು ವೈದ್ಯರು ಪಿಎಫ್‌ಐಸಿ (ಪ್ರೋಗ್ರೆಸಿವ್ ಫ್ಯಾಮಿಲಿಯಲ್ ಇಂಟ್ರಾಹೆಪಾಟಿಕ್ ಕೊಲೆಸ್ಟಾಸಿಸ್) ಎನ್ನುತ್ತಾರೆ. ಐವತ್ತು ಸಾವಿರದಿಂದ ಒಂದು ಲಕ್ಷ ಜನನಕ್ಕೆ ಒಂದು ಎಂಬುದು ಸಾಮಾನ್ಯ ಅಂದಾಜು. ಆದರೆ ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ರೂಢಿ ಇನ್ನೂ ಇರುವ ನಮ್ಮ ಕಡೆ ಇದನ್ನು ಅಪರೂಪವೆಂದು ಬದಿಗೆ ಸರಿಸುವಂತಿಲ್ಲ.

ಹೆಜ್ಜೆ 1: ಮಲ, ಮೂತ್ರದ ಬಣ್ಣ ನೋಡಿ

ಎದೆಹಾಲು ಕುಡಿಯುವ ಮಗುವಿನ ಮಲ ಸಾಸಿವೆಯ ಹಳದಿಯಾಗಿರುತ್ತದೆ, ಹಸಿರಾಗಿದ್ದರೂ ಭಯವಿಲ್ಲ. ಸುಣ್ಣದಂತೆ ಬಿಳಿಚಿಕೊಂಡಿದ್ದರೆ, ಬೂದು ಅಥವಾ ಜೇಡಿಮಣ್ಣಿನ ಬಣ್ಣವಿದ್ದರೆ ಪಿತ್ತ ಕರುಳಿಗೆ ಇಳಿಯುತ್ತಿಲ್ಲ ಎಂದು ಅನುಮಾನಿಸಬೇಕು. ಎಳೆಗೂಸಿನ ಮೂತ್ರಕ್ಕೆ ಹೆಚ್ಚುಕಡಿಮೆ ಬಣ್ಣವೇ ಇರುವುದಿಲ್ಲ. ಬಟ್ಟೆಯಲ್ಲಿ ಹಳದಿ ಕಲೆ ನಿಲ್ಲುತ್ತಿದ್ದರೆ ಅದೂ ಸೂಚನೆಯೇ. ಮೊಬೈಲಿನಲ್ಲಿ ಹಗಲು ಬೆಳಕಿನಲ್ಲಿ ಫೋಟೋ ತೆಗೆದಿಡಿ, ವೈದ್ಯರಿಗೆ ತೋರಿಸಲು ಸಂಕೋಚ ಬೇಡ.

ಹೆಜ್ಜೆ 2: ‘ಡೈರೆಕ್ಟ್ ಬಿಲಿರುಬಿನ್’ ಎಷ್ಟು ಎಂದು ಕೇಳಿ

ಇಡೀ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ರಕ್ತದಲ್ಲಿ ಬಿಲಿರುಬಿನ್, ಅಂದರೆ ಮೈಯನ್ನು ಹಳದಿ ಮಾಡುವ ಬಣ್ಣದ ವಸ್ತು, ಒಟ್ಟು ಎಷ್ಟಿದೆ ಎಂದು ತಿಳಿದರೆ ಸಾಲದು. ಅದರಲ್ಲಿ ‘ಡೈರೆಕ್ಟ್’ ಭಾಗ, ಅಂದರೆ ಲಿವರ್ ಪಿತ್ತಕ್ಕೆ ಬಿಡಲು ಸಿದ್ಧಪಡಿಸಿದ ಭಾಗ, ಎಷ್ಟು ಎಂಬುದೇ ಮುಖ್ಯ. ಸಾಮಾನ್ಯ ಕಾಮಾಲೆಯಲ್ಲಿ ಆ ಭಾಗ ತೀರ ಕಡಿಮೆ ಇರುತ್ತದೆ. ಅದು ಡೆಸಿಲೀಟರಿಗೆ 1 ಮಿಲಿಗ್ರಾಂ ದಾಟಿದ್ದರೆ ಮಕ್ಕಳ ಲಿವರ್ ತಜ್ಞರ ಬಳಿಗೆ ಹೋಗಲೇಬೇಕು. ‘ಎಳೆಬಿಸಿಲಿಗೆ ಹಿಡಿಯಿರಿ, ಇನ್ನೊಂದು ತಿಂಗಳು ನೋಡೋಣ’ ಎಂಬ ಸಲಹೆ ಇಲ್ಲಿ ಅಪಾಯಕಾರಿ, ಏಕೆಂದರೆ ಡೈರೆಕ್ಟ್ ಬಿಲಿರುಬಿನ್ ಬಿಸಿಲಿಗೆ ಇಳಿಯುವುದಿಲ್ಲ.

ಇಷ್ಟು ಅವಸರ ಏಕೆಂದರೆ, ಇದೇ ಲಕ್ಷಣ ತೋರುವ ಇನ್ನೊಂದು ಕಾಯಿಲೆಯಲ್ಲಿ ಲಿವರಿನ ಹೊರಗಿನ ಪಿತ್ತನಾಳವೇ ಮುಚ್ಚಿಹೋಗಿರುತ್ತದೆ. ಅದಕ್ಕೆ ಮಾಡುವ, ಕರುಳನ್ನು ನೇರವಾಗಿ ಲಿವರಿಗೆ ಜೋಡಿಸುವ ‘ಕಸಾಯ್’ ಎಂಬ ಶಸ್ತ್ರಚಿಕಿತ್ಸೆ ಮಗುವಿಗೆ 60 ದಿನ ತುಂಬುವ ಮೊದಲು ನಡೆದರೆ ಫಲ ಹೆಚ್ಚು. ಹಾಗಾಗಿ ತಜ್ಞರು ಮೊದಲು ಅದು ಇದೆಯೋ ಇಲ್ಲವೋ ಎಂದು ಖಚಿತಪಡಿಸಿಕೊಳ್ಳುತ್ತಾರೆ.

ಈ ಹಂತದಲ್ಲಿ ನಾಟಿ ಮದ್ದು ಕುಡಿಸಬೇಡಿ. ಹೊಟ್ಟೆ, ಕೈಗೆ ಬರೆ ಎಳೆಸುವವರು ಇಂದಿಗೂ ಇದ್ದಾರೆ. ಮಗುವಿಗೆ ಸುಟ್ಟ ಗಾಯ, ಸೋಂಕು ಬಿಟ್ಟರೆ ಅದರಿಂದ ಬೇರೇನೂ ಸಿಗುವುದಿಲ್ಲ. ಹಿರಿಯರು ಒತ್ತಾಯಿಸಿದರೂ ತಾಯಿ ತಂದೆ ಗಟ್ಟಿಯಾಗಿ ನಿಲ್ಲಬೇಕು.

ಹೆಜ್ಜೆ 3: ವಿಟಮಿನ್ ಕೆ ಮರೆಯಬೇಡಿ

ಕೊಬ್ಬು ಜೀರ್ಣವಾಗಲು ಪಿತ್ತ ಬೇಕು. ಪಿತ್ತ ಇಳಿಯದಿದ್ದರೆ ಕೊಬ್ಬಿನ ಜೊತೆಗೇ ಒಳಸೇರುವ ಎ, ಡಿ, ಇ, ಕೆ ವಿಟಮಿನ್‌ಗಳೂ ಸಿಗುವುದಿಲ್ಲ. ಕೆ ಕೊರತೆಯಾದರೆ ರಕ್ತ ಹೆಪ್ಪುಗಟ್ಟುವುದಿಲ್ಲ. ಎದೆಹಾಲಿನಲ್ಲಿ ಕೆ ಮೊದಲೇ ಕಡಿಮೆ. ಚೆನ್ನಾಗಿಯೇ ಇದ್ದ ಮಗು ಮಿದುಳಿನ ರಕ್ತಸ್ರಾವದಿಂದ ಆಸ್ಪತ್ರೆ ಸೇರಿ, ಅಲ್ಲಿ ಲಿವರ್ ಕಾಯಿಲೆ ಪತ್ತೆಯಾಗುವುದುಂಟು. ಲಸಿಕೆಯ ಸೂಜಿ ಚುಚ್ಚಿದ ಜಾಗದಲ್ಲಿ ರಕ್ತ ನಿಲ್ಲದಿದ್ದರೆ, ಮೂಗಿನಲ್ಲಿ ರಕ್ತ ಬಂದರೆ, ಮಗು ಮಂಕಾಗಿ ಹಾಲು ಬಿಟ್ಟರೆ ಅದೇ ಗಳಿಗೆಯಲ್ಲಿ ಹೊರಡಿ.

ಆಹಾರದಲ್ಲಿ, ಪಿತ್ತದ ನೆರವಿಲ್ಲದೆಯೂ ಒಳಸೇರುವ ಎಂಸಿಟಿ ಎಣ್ಣೆಯನ್ನು ವೈದ್ಯರು ಸೂಚಿಸುತ್ತಾರೆ. ನಮ್ಮ ತೆಂಗಿನೆಣ್ಣೆಯಲ್ಲಿ ಅದರ ಒಂದಂಶ ಇದೆ. ಪ್ರಮಾಣ ಮಾತ್ರ ಅವರು ಹೇಳಿದಷ್ಟೇ ಇರಲಿ.

ಹೆಜ್ಜೆ 4: ತುರಿಕೆಯನ್ನು ಚರ್ಮರೋಗವೆಂದು ತಳ್ಳಿಹಾಕಬೇಡಿ

ಪಿಎಫ್‌ಐಸಿ ಇರುವ ಮಗುವನ್ನು ಹೆಚ್ಚು ಹಿಂಸಿಸುವುದು ತುರಿಕೆ. ಹುಟ್ಟಿದ ಕೆಲವು ತಿಂಗಳ ನಂತರ ಶುರುವಾಗುತ್ತದೆ, ರಾತ್ರಿ ಜಾಸ್ತಿ. ಮಗು ಕಿವಿ, ಕಣ್ಣು, ಅಂಗಾಲು ಉಜ್ಜಿಕೊಳ್ಳುತ್ತದೆ. ಕೆರೆದ ಕಡೆ ರಕ್ತ ಬರುತ್ತದೆ. ಮನೆಮಂದಿಗೆ ನಿದ್ದೆ ಇರುವುದಿಲ್ಲ. ಕಾಮಾಲೆ ಅಷ್ಟಾಗಿ ಕಾಣದಿದ್ದರೂ ತುರಿಕೆ ವಿಪರೀತ ಇರಬಹುದು, ಹಾಗಾಗಿ ಮುಲಾಮು ಹಚ್ಚುತ್ತಲೇ ತಿಂಗಳುಗಳು ಕಳೆದುಹೋಗುತ್ತವೆ. ಚರ್ಮದಲ್ಲಿ ಗುಳ್ಳೆ, ದದ್ದು ಏನೂ ಇಲ್ಲದೆ ಮಗು ಕೆರೆಯುತ್ತಿದ್ದರೆ ಲಿವರ್ ಪರೀಕ್ಷೆ ಮಾಡಿಸಿ.

ಹೆಜ್ಜೆ 5: ಯಾವ ಬಗೆ ಎಂದು ತಿಳಿಯಿರಿ

ರಕ್ತಪರೀಕ್ಷೆಯಲ್ಲಿ ಜಿಜಿಟಿ ಎಂಬ ಕಿಣ್ವದ ಮಟ್ಟವೇ ಸುಳಿವು ಕೊಡುತ್ತದೆ. ಪಿತ್ತ ತಡೆದಾಗ ಸಾಮಾನ್ಯವಾಗಿ ಜಿಜಿಟಿ ಏರಬೇಕು. ಪಿಎಫ್‌ಐಸಿಯ ಮೂರು ಮುಖ್ಯ ಬಗೆಗಳ ಪೈಕಿ ಮೊದಲ ಎರಡರಲ್ಲಿ ಅದು ಏರುವುದಿಲ್ಲ, ಮೂರನೆಯದರಲ್ಲಿ ಏರುತ್ತದೆ. ಖಚಿತ ಉತ್ತರ ವಂಶವಾಹಿ ಪರೀಕ್ಷೆಯದು: ಎಟಿಪಿ8ಬಿ1, ಎಬಿಸಿಬಿ11, ಎಬಿಸಿಬಿ4 ಇವು ಕ್ರಮವಾಗಿ ಈ ಮೂರು ಬಗೆಗಳ ವಂಶವಾಹಿಗಳು. ಬಗೆ ತಿಳಿದರೆ ಮುಂದಿನ ದಾರಿಯೂ ತಿಳಿಯುತ್ತದೆ. ಎರಡನೆಯ ಬಗೆಯಲ್ಲಿ ಚಿಕ್ಕ ವಯಸ್ಸಿನಲ್ಲೇ ಲಿವರ್ ಕ್ಯಾನ್ಸರ್ ಬರುವ ಸಂಭವವಿದ್ದು, ನಿಯಮಿತವಾಗಿ ಸ್ಕ್ಯಾನ್ ಬೇಕು. ಮೊದಲ ಬಗೆಯಲ್ಲಿ ದೋಷ ಕರುಳಿನಲ್ಲೂ ಇರುವುದರಿಂದ ಲಿವರ್ ಕಸಿಯ ನಂತರವೂ ಭೇದಿ ಮುಂದುವರಿಯಬಹುದು.

ಚಿಕಿತ್ಸೆ ಪಿತ್ತದ ಹರಿವಿಗೆ ನೆರವಾಗುವ ಅರ್ಸೋಡಿಆಕ್ಸಿಕೋಲಿಕ್ ಆಮ್ಲ, ತುರಿಕೆಗೆ ರಿಫಾಂಪಿಸಿನ್‌ನಂಥ ಔಷಧಗಳಿಂದ ಶುರುವಾಗುತ್ತದೆ. ಪಿತ್ತದ ಆಮ್ಲ ಕರುಳಿನಿಂದ ಮರಳಿ ಒಳಸೇರದಂತೆ ತಡೆಯುವ ಒಡೆವಿಕ್ಸಿಬ್ಯಾಟ್‌ಗೆ 2021ರಲ್ಲಿ ಅಮೆರಿಕ, ಯುರೋಪುಗಳಲ್ಲಿ ಅನುಮತಿ ಸಿಕ್ಕಿದೆ. ಬೆಲೆ ಬಹಳ ದುಬಾರಿ. ಪಿತ್ತವನ್ನು ಹೊರಕ್ಕೆ ತಿರುಗಿಸುವ ಶಸ್ತ್ರಚಿಕಿತ್ಸೆ ಕೆಲವರಿಗೆ ನೆಮ್ಮದಿ ಕೊಡುತ್ತದೆ. ಲಿವರ್ ಪೂರ್ತಿ ಗಟ್ಟಿಯಾದರೆ ಕಸಿಯೇ ದಾರಿ. ದೋಷವಿರುವ ವಂಶವಾಹಿಯ ಒಂದೇ ಪ್ರತಿ ಹೊತ್ತ ತಾಯಿ ಅಥವಾ ತಂದೆ ಪರೀಕ್ಷೆಗಳ ನಂತರ ಸಾಮಾನ್ಯವಾಗಿ ದಾನಿಯಾಗಬಹುದು.

ಹೆಜ್ಜೆ 6: ಮುಂದಿನ ಮಗುವಿನ ಮೊದಲು

ತಾಯಿಯಿಂದ ಒಂದು, ತಂದೆಯಿಂದ ಒಂದು ದೋಷಪೂರಿತ ಪ್ರತಿ ಸೇರಿದಾಗ ಮಾತ್ರ ಈ ಕಾಯಿಲೆ ಬರುತ್ತದೆ. ಸೊಸೆಯನ್ನೊಬ್ಬಳನ್ನೇ ದೂರುವ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕು. ಪ್ರತಿ ಗರ್ಭದಲ್ಲೂ ಸಂಭವ ಶೇಕಡ 25. ಒಂದು ಮಗುವಿಗೆ ಬಂದಿದೆ ಎಂದು ಮುಂದಿನ ಮೂವರು ಪಾರಾಗುತ್ತಾರೆ ಎಂದಲ್ಲ. ಮೊದಲ ಮಗುವಿನ ವಂಶವಾಹಿ ವರದಿ ಕೈಯಲ್ಲಿದ್ದರೆ, ಗರ್ಭದ 11ರಿಂದ 13ನೇ ವಾರದಲ್ಲಿ ಮಾಸುವಿನ ಅಂಗಾಂಶದ ಪರೀಕ್ಷೆಯಿಂದ ತಿಳಿಯಬಹುದು. ಗರ್ಭಿಣಿಯಾದ ಮೇಲೆ ಓಡಾಡುವ ಬದಲು ಮೊದಲೇ ವಂಶವಾಹಿ ಸಲಹೆಗಾರರನ್ನು ಕಾಣಿ. ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್, ಅಪರೂಪದ ಕಾಯಿಲೆಗಳ 2021ರ ರಾಷ್ಟ್ರೀಯ ನೀತಿಯಡಿ ಗುರುತಿಸಲಾದ ಕೇಂದ್ರಗಳಲ್ಲೊಂದು. ಹೋಗುವಾಗ ಮಗುವಿನ ಎಲ್ಲ ವರದಿಗಳ ಜೊತೆಗೆ ಎರಡೂ ಕಡೆಯ ಮೂರು ತಲೆಮಾರಿನ ವಿವರ ಬರೆದುಕೊಂಡು ಹೋಗಿ: ಯಾರು ಯಾರನ್ನು ಮದುವೆಯಾದರು, ಯಾವ ಮಗು ಎಳವೆಯಲ್ಲೇ ಕಾಮಾಲೆಯಿಂದ ತೀರಿಕೊಂಡಿತು, ಯಾವ ಹೆಣ್ಣುಮಗಳಿಗೆ ಬಸಿರಿನಲ್ಲಿ ಮೈಯೆಲ್ಲ ತುರಿಕೆ ಬಂದಿತ್ತು ಎಂಬುದೂ ಸೇರಿ.