ಮೇ ಕೊನೆಯ ಕಾಡಿನಲ್ಲಿ ಟರ್ಕಿ ಹುಂಜಕ್ಕಾಗಿ ಕುಳಿತದ್ದು

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಉತ್ತರದ ಗುಡ್ಡಗಳಲ್ಲಿ ಕಾಡು ಟರ್ಕಿ ಕೋಳಿಯ ವಸಂತದ ಬೇಟೆ ಮೇ ಒಂದರ ಆಸುಪಾಸಿನ ಶನಿವಾರ ಶುರುವಾಗುತ್ತದೆ. ಆ ದಿನ ಸರ್ಕಾರಿ ಬೇಟೆ ಕಾಡುಗಳ ಅಂಚಿನಲ್ಲಿ ಕಾರು ನಿಲ್ಲಿಸುವುದಕ್ಕೂ ಜಾಗ ಸಿಗುವುದಿಲ್ಲ. ಮೂರನೇ ವಾರ ಕಳೆಯುವ ಹೊತ್ತಿಗೆ ಅದೇ ಜಾಗ ಬಿಕೋ ಎನ್ನುತ್ತಿರುತ್ತದೆ. ಹುಂಜಗಳು ಕೂಗುವುದನ್ನು ಬಿಟ್ಟವು, ಎಲೆ ಮುಚ್ಚಿ ಏನೂ ಕಾಣುವುದಿಲ್ಲ, ಸೊಳ್ಳೆ ವಿಪರೀತ ಎಂದು ಜನ ಮನೆಗೆ ಹೋಗುತ್ತಾರೆ. ಎಂಟು ವರ್ಷಗಳಿಂದ ಈ ಕಾಡುಗಳಲ್ಲಿ ಓಡಾಡುತ್ತಿರುವ ನಾನು ಆ ಖಾಲಿ ದಿನಗಳಿಗಾಗಿಯೇ ರಜೆ ಉಳಿಸಿಕೊಳ್ಳುತ್ತೇನೆ.

ಕಾರಣ ಹೇಂಟೆಗಳದ್ದು. ಟರ್ಕಿ ಹೇಂಟೆ ಸುಮಾರು ದಿನಕ್ಕೊಂದರಂತೆ ಹತ್ತು ಹನ್ನೆರಡು ಮೊಟ್ಟೆ ಇಡುತ್ತದೆ. ಮೊಟ್ಟೆ ಇಡುವ ದಿನಗಳಲ್ಲಿ ಉಳಿದ ಹೊತ್ತನ್ನೆಲ್ಲ ಹುಂಜದ ಜೊತೆಗೇ ಕಳೆಯುತ್ತದೆ. ಈ ಹಕ್ಕಿಗಳ ರೂಢಿಯಲ್ಲಿ ಕೂಗುವುದು ಹುಂಜ, ನಡೆದುಕೊಂಡು ಬರುವುದು ಹೇಂಟೆ. ನಾವು ಹೇಂಟೆಯ ದನಿ ಮಾಡಿ ಹುಂಜವನ್ನು ಕರೆಯುವುದು ಆ ರೂಢಿಗೆ ತಿರುಗುಮುರುಗು. ಕಣ್ಣೆದುರು ನಾಲ್ಕು ಹೇಂಟೆ ಇರುವ ಹುಂಜ, ಎಲ್ಲೋ ಪೊದೆಯ ಹಿಂದಿನ ಐದನೆಯದಕ್ಕಾಗಿ ಏಕೆ ಎದ್ದು ಬರಬೇಕು? ಮೇ ಮೂರನೇ ವಾರಕ್ಕೆ ಮಾತ್ರ ಲೆಕ್ಕ ಬದಲಾಗಿರುತ್ತದೆ. ಹೆಚ್ಚಿನ ಹೇಂಟೆಗಳು ಕಾವಿಗೆ ಕುಳಿತಿರುತ್ತವೆ. ಕಾವು ಇಪ್ಪತ್ತೆಂಟು ದಿನದ್ದು. ಬೆಳಿಗ್ಗೆ ಒಂಬತ್ತರ ನಂತರ ಹುಂಜ ಒಂಟಿ. ಆಗ ಅದು ಹುಡುಕಿಕೊಂಡು ತಿರುಗುತ್ತದೆ.

ಕಾನೂನೂ ಆ ಹೊತ್ತಿಗೆ ಸಡಿಲವಾಗುತ್ತದೆ. ಇಲ್ಲಿ ಮೊದಲ ವಾರಗಳಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಬೇಟೆ ನಿಲ್ಲಿಸಬೇಕು, ಮೊಟ್ಟೆಯಿಡುತ್ತಿರುವ, ಆಗಷ್ಟೇ ಕಾವಿಗೆ ಕೂರುತ್ತಿರುವ ಹೇಂಟೆಗಳಿಗೆ ತೊಂದರೆಯಾಗಬಾರದೆಂದು. ಮೇ ಎರಡನೇ ಭಾಗದಲ್ಲಿ ಸೂರ್ಯಾಸ್ತದ ನಂತರ ಅರ್ಧ ಗಂಟೆಯವರೆಗೂ ಅವಕಾಶವಿದೆ. ಗಡ್ಡವಿರುವ ಹಕ್ಕಿಗೆ ಮಾತ್ರ ಈಡು ಹೊಡೆಯಬಹುದು. ಎದೆಯ ಮೇಲಿಂದ ಜೋತುಬಿದ್ದ ಕುದುರೆಕೂದಲಿನಂಥ ಆ ಗರಿಗೊಂಚಲನ್ನೇ ಗಡ್ಡ ಎನ್ನುತ್ತಾರೆ. ಅಪರೂಪಕ್ಕೆ ಹೇಂಟೆಗೂ ಗಡ್ಡ ಬರುತ್ತದೆ, ಆದ್ದರಿಂದ ನಾನು ಮೊದಲು ತಲೆ ನೋಡುತ್ತೇನೆ. ಬೂದುನೀಲಿ ತಲೆ ಕಂಡರೆ ಗಡ್ಡ ಎಷ್ಟೇ ಉದ್ದವಿದ್ದರೂ ಕೋವಿ ಎತ್ತುವುದಿಲ್ಲ. ಹಿಂಬಾಲಿಸಿ ಹೊಂಚುಹಾಕಿ ಹೋಗುವುದಕ್ಕೂ ವಸಂತದಲ್ಲಿ ಅನುಮತಿಯಿಲ್ಲ. ಕರೆಯಬೇಕು, ಕಾಯಬೇಕು, ಅಷ್ಟೇ.

ಕಾಯುವುದು ನನಗೆ ಹೊಸದಾಗಿರಲಿಲ್ಲ. ನಮ್ಮದು ತೀರ್ಥಹಳ್ಳಿ ಕಡೆಯ ಮನೆ. ಬೆಳೆ ರಕ್ಷಣೆಗೆಂದು ಅಜ್ಜನ ಹೆಸರಿನಲ್ಲಿ ಲೈಸೆನ್ಸ್ ಇದ್ದ ಒಂಟಿ ನಳಿಗೆಯ ಕೋವಿ ಗೋಡೆಯ ಮೇಲಿತ್ತು. ಅಜ್ಜ ಹಳೆಯ ಕಾಲದ ಮರಸಿನ, ಅಂದರೆ ಮರೆಯಲ್ಲಿ ಕುಳಿತು ಕಾಯುವ ಬೇಟೆಯ, ಕಥೆ ಹೇಳುವಾಗ ಪ್ರಾಣಿಗಿಂತ ಹೆಚ್ಚು ಕುಳಿತ ರೀತಿಯನ್ನೇ ಹೇಳುತ್ತಿದ್ದರು: ಕೆಮ್ಮು ಹೇಗೆ ನುಂಗಬೇಕು, ಕಾಲು ಜೋಮು ಹಿಡಿದರೆ ಬೆರಳನ್ನಷ್ಟೇ ಹೇಗೆ ಆಡಿಸಬೇಕು. ನಾನು ಹುಟ್ಟುವ ಮೊದಲೇ 1972ರ ವನ್ಯಜೀವಿ ಕಾಯ್ದೆ ಬಂದಿತ್ತು, ಹಾಗಾಗಿ ಆ ಪಾಠ ಬಳಕೆಗೆ ಬಂದದ್ದು ಇಲ್ಲಿ. ಅಮ್ಮ ಫೋನಿನಲ್ಲಿ ಒಮ್ಮೆ ಕೇಳಿದರು: “ಪಾಪದ ಹಕ್ಕಿ ಅಲ್ಲವೇನೋ, ಅಲ್ಲಿ ಕೋಳಿ ಸಿಗುವುದಿಲ್ಲವಾ?” ನಾನು ಇದ್ದದ್ದನ್ನು ಹೇಳಿದೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಮಿತಿಯಿಲ್ಲದ ಬೇಟೆಯಿಂದ, ಕಾಡು ಕಡಿದದ್ದರಿಂದ ಈ ಹಕ್ಕಿ ಅಮೆರಿಕದ ಬಹುಭಾಗದಲ್ಲಿ ಇಲ್ಲವಾಗಿತ್ತು. 1937ರ ಒಂದು ಕಾಯ್ದೆ ಕೋವಿ ಮತ್ತು ತೋಟಾಗಳ ಮೇಲಿನ ತೆರಿಗೆಯನ್ನು ವನ್ಯಜೀವಿಗಳಿಗೆ ಮೀಸಲಿಟ್ಟಿತು. ಉಳಿದಿದ್ದ ಕಾಡುಹಕ್ಕಿಗಳನ್ನು ಬಲೆ ಹಾರಿಸಿ ಹಿಡಿದು, ಖಾಲಿಯಾದ ಕಾಡುಗಳಲ್ಲಿ ಬಿಟ್ಟರು. ಈಗ ಲಕ್ಷಗಟ್ಟಲೆ ಇವೆ. ನಮ್ಮ ಕಡೆ ಬೇಟೆ ನಿಲ್ಲಿಸಿದ್ದು ಸರಿ, ಇಲ್ಲಿ ಲೆಕ್ಕ ಹಿಡಿದು ನಡೆಸುತ್ತಿರುವುದೂ ಸರಿ ಎಂಬುದು ನನ್ನ ಅಭಿಪ್ರಾಯ. ಅಮ್ಮ ಒಪ್ಪಿದರೋ ಇಲ್ಲವೋ, ಮತ್ತೆ ಕೇಳಲಿಲ್ಲ.

ತಡವಾದ ದಿನಗಳಲ್ಲಿ ಮೊದಲು ಬದಲಿಸಬೇಕಾದದ್ದು ಕರೆಯುವ ರೀತಿ. ನನ್ನ ಬಳಿ ಎರಡು ಸಾಧನಗಳಿವೆ. ಒಂದು ಮರದ ಪೆಟ್ಟಿಗೆ. ಸೀಮೆಸುಣ್ಣ ಸವರಿದ ಮುಚ್ಚಳವನ್ನು ಅದರ ಅಂಚಿನ ಮೇಲೆ ಎಳೆದರೆ ಹೇಂಟೆಯ ಕೀರಲು ದನಿ ಬರುತ್ತದೆ. ಇನ್ನೊಂದು ಅಂಗೈಯಗಲದ ಸ್ಲೇಟಿನ ಬಿಲ್ಲೆ, ಜೊತೆಗೊಂದು ಮರದ ಕಡ್ಡಿ. ಪೆಟ್ಟಿಗೆಯ ದನಿ ದೂರ ಹೋಗುತ್ತದೆ, ಮೊದಲ ವಾರಕ್ಕೆ ಒಳ್ಳೆಯದು. ಆದರೆ ಮೂರು ವಾರ ದಿನವೂ ಅಂಥ ದನಿ ಕೇಳಿ, ಅದರ ಹಿಂದೆ ಕೋವಿ ಸದ್ದು ಕೇಳಿ ಬದುಕುಳಿದ ಹುಂಜಕ್ಕೆ ಜೋರು ಕರೆಯೆಂದರೆ ಎಚ್ಚರಿಕೆ. ಆಗ ಸ್ಲೇಟೇ ಸರಿ. ಕಡ್ಡಿಯ ತುದಿ ಮೇಲೇಳದಂತೆ ಕಾಳಿನಷ್ಟು ಚಿಕ್ಕ ಸುತ್ತು ಎಳೆದರೆ ಮೂರು ನಾಲ್ಕು ಮೆದು ಕರೆ, ಇನ್ನೂ ನಿಧಾನವಾಗಿ ಜರುಗಿಸಿದರೆ ಮೇಯುತ್ತಿರುವ ಹೇಂಟೆಯ ಗುರುಗುರು. ಅದಕ್ಕಿಂತಲೂ ಹೆಚ್ಚು ಕೆಲಸ ಮಾಡುವುದು ಬರಿಗೈ. ಒಣಗಿದ ಓಕ್ ಎಲೆಗಳನ್ನು ಎರಡು ಸಲ ಬಲಕ್ಕೆ, ಒಂದು ಸಲ ಎಡಕ್ಕೆ ಕೆದರಿ, ತಡೆದು ಮತ್ತೆ ಕೆದರಿದರೆ ಕೋಳಿ ಮೇಯುವ ಸದ್ದೇ. ಪ್ಲಾಸ್ಟಿಕ್ ಹೇಂಟೆಯನ್ನು ಎದುರಿಗೆ ನೆಡುವುದನ್ನು ಕೊನೆಯ ವಾರಗಳಲ್ಲಿ ನಾನು ಪೂರ್ತಿ ಬಿಟ್ಟಿದ್ದೇನೆ.

ಎಲೆ ತುಂಬಿದ ಕಾಡು ದೂರದ ಅಂದಾಜನ್ನು ತಪ್ಪಿಸುತ್ತದೆ. ಏಪ್ರಿಲ್ ಕೊನೆಯ ಬೋಳು ಕಾಡಿನಲ್ಲಿ ಕೂಗು ಕೇಳಿದರೆ ಎಲ್ಲಿದೆಯೆಂದು ಬೆರಳು ತೋರಿಸಬಹುದು. ಮೇ ಕೊನೆಯಲ್ಲಿ ನಾನೂರು ಗಜ ದೂರವೆನ್ನಿಸುವ ಕೂಗು ಅದರ ಅರ್ಧದಲ್ಲೇ ಇರುತ್ತದೆ. ಮೊದಲ ವರ್ಷಗಳಲ್ಲಿ ನಾನು ಇನ್ನೂ ಹತ್ತಿರ ಹೋಗೋಣವೆಂದು ಎದ್ದು ನಡೆದು, ಎದುರಿಗೇ ಬರುತ್ತಿದ್ದ ಹುಂಜಗಳನ್ನು ಓಡಿಸಿದ್ದೇನೆ. ಒಂದು ವರ್ಷವಂತೂ ಹುಂಜ ಒಮ್ಮೆ ಉತ್ತರ ಕೊಟ್ಟು ಸುಮ್ಮನಾಯಿತು. ಇಪ್ಪತ್ತು ನಿಮಿಷ ಕಾದು, ಹೋಯಿತು ಎಂದುಕೊಂಡು ಎದ್ದು ನಿಂತೆ. ಹತ್ತು ಹೆಜ್ಜೆ ಹಿಂದೆ, ನನ್ನ ಬೆನ್ನ ಮರದ ಆಚೆ ಬದಿಯಿಂದ ಅದು ರೆಕ್ಕೆ ಬಡಿದು ಹಾರಿತು. ಮೌನವೆಂದರೆ ಹೊರಟುಹೋಯಿತು ಎಂದಲ್ಲ, ಬಹುಪಾಲು ಬರುತ್ತಿದೆ ಎಂದೇ. ಅಂದಿನಿಂದ ಕೊನೆಯ ಉತ್ತರ ಕೇಳಿದ ಮೇಲೆ ಗಡಿಯಾರ ನೋಡಿ ಒಂದು ಗಂಟೆ ಕದಲುವುದಿಲ್ಲ.

ಕಳೆದ ವರ್ಷ ಮೇ ಕೊನೆಯ ವಾರದ ಒಂದು ಬೆಳಿಗ್ಗೆ ನಾಲ್ಕೂವರೆಗೆ ಕಾಡು ಹೊಕ್ಕೆ. ಬೆಳಕು ಹರಿಯುವ ಮುನ್ನ ಗೂಬೆಯ ದನಿ ಮಾಡಿದಾಗ ಎದುರಿನ ಗುಡ್ಡದ ಮರದ ಮೇಲಿಂದ ಒಂದು ಹುಂಜ ಒಂದೇ ಸಲ ಕೂಗಿ, ಇಳಿದ ಮೇಲೆ ಸುಮ್ಮನಾಯಿತು. ಬೆನ್ನು ಹತ್ತಲಿಲ್ಲ. ಬುತ್ತಿ ಬಿಚ್ಚಿ ತಿಂಡಿ ತಿಂದು, ಒಂಬತ್ತರವರೆಗೆ ನೆಲ ಓದುತ್ತ ಹಳೆಯ ನಾಟಾ ಸಾಗಿಸುವ ದಾರಿಯಲ್ಲಿ ನಿಧಾನವಾಗಿ ನಡೆದೆ. ಗುಡ್ಡದ ನಡುವೆ ಒಂದು ಸಮತಟ್ಟಾದ ಜಾಗದಲ್ಲಿ ಮಣ್ಣು ಮೀಯುವ ಗುಳಿಗಳಿದ್ದವು, ಅವುಗಳಲ್ಲೊಂದರಲ್ಲಿ ಎದೆಯ ಗರಿ ಬಿದ್ದಿತ್ತು. ಪಕ್ಕದಲ್ಲೇ ಕೊಕ್ಕೆಯಂತೆ ಬಾಗಿದ ಹಿಕ್ಕೆ. ಹೇಂಟೆಯ ಹಿಕ್ಕೆ ಮುದ್ದೆಯಾಗಿರುತ್ತದೆ, ಬಾಗಿದ್ದರೆ ಹುಂಜದ್ದು. ಇನ್ನೂ ಒದ್ದೆಯಾಗಿತ್ತು. ಅಲ್ಲಿಯೇ ನನ್ನ ಭುಜಕ್ಕಿಂತ ಅಗಲವಾದ ಓಕ್ ಮರಕ್ಕೆ ಬೆನ್ನು ಕೊಟ್ಟು ಕುಳಿತೆ.

ಮರದ ಅಗಲ ಬರೀ ಆರಾಮಕ್ಕಲ್ಲ. ಹಿಂದಿನಿಂದ ಬರುವ ಇನ್ನೊಬ್ಬ ಬೇಟೆಗಾರ ನಮ್ಮ ಕರೆಯನ್ನು ನಿಜವೆಂದು ನಂಬಿದರೆ ಕಾಯುವುದು ಆ ಮರವೇ. ಗರಿಗೆದರಿದ ಹುಂಜದ ತಲೆ ಕೆಂಪು, ಬಿಳಿ, ನೀಲಿ. ಆದ್ದರಿಂದ ಈ ಮೂರು ಬಣ್ಣಗಳು ಮೈಮೇಲೆ ಎಲ್ಲಿಯೂ ಇರಬಾರದು, ಒಳಗಿನ ಬನಿಯನ್ನಿನ ಕತ್ತೂ ಕಾಣಬಾರದು. ಯಾರಾದರೂ ಹತ್ತಿರ ಬಂದರೆ ಕೈ ಬೀಸದೆ ಬಾಯಿಬಿಟ್ಟು ಗಟ್ಟಿಯಾಗಿ ಮಾತಾಡುತ್ತೇನೆ.

ಇನ್ನೊಂದು ಎಚ್ಚರ ಉಣುಗಿನದು. ಮಂಗನ ಕಾಯಿಲೆಯ ಊರುಗಳಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಲ್ಲಿ ಅದು ತರುವುದು ಲೈಮ್ ಕಾಯಿಲೆ. ಮೇ ತಿಂಗಳಲ್ಲಿ ಹೊರಬರುವ ಮರಿ ಉಣುಗು ಗಸಗಸೆ ಕಾಳಿನಷ್ಟಿರುತ್ತದೆ. ಹಿಂದಿನ ದಿನವೇ ಬಟ್ಟೆಗೆ ಪರ್ಮೆತ್ರಿನ್ ಎಂಬ ಕೀಟನಾಶಕ ಸಿಂಪಡಿಸಿ ಒಣಗಿಸುತ್ತೇನೆ, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸಿಕ್ಕಿಸುತ್ತೇನೆ, ಮನೆಗೆ ಬಂದವನೇ ಮೈಯೆಲ್ಲ ನೋಡಿಕೊಳ್ಳುತ್ತೇನೆ.

ಇಪ್ಪತ್ತು ನಿಮಿಷಕ್ಕೊಮ್ಮೆ ನಾಲ್ಕು ಮೆದು ಕರೆ. ಒಂಬತ್ತು ಐವತ್ತಕ್ಕೆ ಹಳ್ಳದ ಆಚೆಯಿಂದ ಕೂಗು ಬಂತು. ಎಲೆ ಕೆದರಿದೆ, ಸ್ಲೇಟಿನ ಮೇಲೆ ಒಂದು ಸಲ “ಟಕ್” ಎನಿಸಿದೆ, ಕಡ್ಡಿಯನ್ನು ನೆಲಕ್ಕಿಟ್ಟೆ. ಆಮೇಲೆ ಏನೂ ಇಲ್ಲ. ಕಿವಿಯ ಹತ್ತಿರ ಸೊಳ್ಳೆ. ಜರಿಗಿಡಗಳ ಮೇಲೆ ಬಿಸಿಲಿನ ತುಣುಕುಗಳು ಜಾಗ ಬದಲಿಸಿದವು. ನಲವತ್ತು ನಿಮಿಷ ಕಳೆದ ಮೇಲೆ ಒಂದು ಸದ್ದು, ಅದನ್ನು ಸದ್ದೆನ್ನುವುದೂ ಕಷ್ಟ. ದೂರದಲ್ಲಿ ಲಾರಿ ಏರು ಹತ್ತಿದಂತೆ ಎದೆಯೊಳಗೆ ಒಂದು ಗುಂಯ್. ಹುಂಜ ಗರಿಗೆದರಿ ನಿಂತಾಗ ಹೊಮ್ಮಿಸುವ ದನಿ ಅದು. ಕೇಳಿಸಿತೆಂದರೆ ಹಕ್ಕಿ ತೀರಾ ಹತ್ತಿರವಿದೆ ಎಂದೇ ಲೆಕ್ಕ.

ಜರಿಗಿಡಗಳ ಮೇಲೆ ಮೊದಲು ಕಂಡದ್ದು ನೆತ್ತಿ, ಸುಣ್ಣ ಬಳಿದಂಥ ಬಿಳುಪು. ಕೆನ್ನೆ ನೀಲಿ, ಕತ್ತಿನ ಗಂಟುಗಳು ಕಡುಗೆಂಪು. ಅದರ ತಲೆ ಒಂದು ಮರದ ಮರೆಗೆ ಹೋದಾಗ ಕೋವಿಯನ್ನು ಮಂಡಿಯ ಮೇಲೆ ಸರಿಪಡಿಸಿಕೊಂಡೆ. ಮರೆಯಿಂದ ಹೊರಬಂದಾಗ ಬಾಲ ಬೀಸಣಿಗೆಯಾಗಿತ್ತು, ಕತ್ತು ಮಡಿಚಿತ್ತು. ಹಾಗಿರುವಾಗ ಹೊಡೆಯಬಾರದು, ಚರೆ ಎದೆಗೆ ಹೋಗಿ ಹಕ್ಕಿ ಗಾಯಗೊಂಡು ಓಡುತ್ತದೆ. ನಾಲಿಗೆಯಿಂದ ಒಂದು ಸಲ “ಟಕ್” ಎಂದೆ. ಗರಿಗಳು ಮಡಿಚಿಕೊಂಡವು, ಕತ್ತು ನೇರ ಮೇಲೆದ್ದಿತು. ಗರಿ ಮುಗಿದು ಬರಿಯ ಕತ್ತು ಶುರುವಾಗುವ ಜಾಗಕ್ಕೆ ಗುರಿಯಿಟ್ಟು ಈಡು ಹೊಡೆದೆ. ಆಮೇಲೆ ಅಳೆದರೆ ಇಪ್ಪತ್ನಾಲ್ಕು ಹೆಜ್ಜೆ. ನನ್ನ 12 ಬೋರ್ ಕೋವಿ 5ನೇ ನಂಬರಿನ ಚರೆಯನ್ನು ಕಾಗದದ ಗುರಿಯ ಮೇಲೆ ನಲವತ್ತು ಗಜಕ್ಕೂ ಒತ್ತಾಗಿಯೇ ಹಾಕುತ್ತದೆ. ಆದರೂ ಎಲೆಯ ಕಾಡಿನಲ್ಲಿ ಮೂವತ್ತು ದಾಟಿದ ಹಕ್ಕಿಗೆ ನಾನು ಹೊಡೆಯುವುದಿಲ್ಲ.

ರೆಕ್ಕೆ ಬಡಿತ ನಿಲ್ಲುವವರೆಗೆ ಪಕ್ಕದಲ್ಲಿ ಮಂಡಿಯೂರಿದ್ದೆ. ಕಪ್ಪೆಂದುಕೊಂಡಿದ್ದ ಬೆನ್ನಿನ ಗರಿಗಳನ್ನು ಬಿಸಿಲಿಗೆ ಸ್ವಲ್ಪ ಓರೆ ಮಾಡಿದರೆ ತಾಮ್ರ, ಇನ್ನೂ ಓರೆ ಮಾಡಿದರೆ ಹಸಿರು. ಇದನ್ನು ಎಷ್ಟು ಸಲ ನೋಡಿದರೂ ನನ್ನ ಗಂಟಲು ಕಟ್ಟುತ್ತದೆ. ಜಾಗ ಬಿಟ್ಟು ಕದಲಿಸುವ ಮೊದಲೇ ಪರವಾನಗಿಯ ಚೀಟಿ ತುಂಬಿ ಹಕ್ಕಿಗೆ ಕಟ್ಟಬೇಕು, ಕಟ್ಟಿದೆ. ಹತ್ತು ದಿನದೊಳಗೆ ಇಲಾಖೆಗೆ ವರದಿ ಮಾಡಬೇಕು, ಅದೇ ಸಂಜೆ ಮಾಡಿದೆ. ಬೇರೆ ಬೇಟೆಗಾರರು ಜೀವಂತ ಹುಂಜವೆಂದು ತಿಳಿಯದಿರಲೆಂದು ಹಕ್ಕಿಗೆ ಕಿತ್ತಳೆ ಬಟ್ಟೆ ಸುತ್ತಿ ಹೆಗಲಿಗೇರಿಸಿ ಇಳಿದೆ.

ಮನೆಯಲ್ಲಿ ತೂಗಿದರೆ ಏಳೂವರೆ ಕಿಲೋ, ಗಡ್ಡ ಒಂಬತ್ತೂವರೆ ಅಂಗುಲ. ಎದೆಯ ಮುಂದಿನ ಕೊಬ್ಬಿನ ದಿಂಬು ಪೂರ್ತಿ ಕರಗಿತ್ತು; ವಸಂತದುದ್ದಕ್ಕೂ ಹುಂಜ ಮೇವು ಮರೆತು ಅದರ ಮೇಲೆಯೇ ಬದುಕುತ್ತದೆ. ಎದೆಯ ಮಾಂಸವನ್ನು ರಾತ್ರಿಯಿಡೀ ಉಪ್ಪುನೀರಿನಲ್ಲಿಟ್ಟೆವು. ಕಾಲಿನಲ್ಲಿ ಎಲುಬಿನಷ್ಟೇ ಗಟ್ಟಿಯಾದ ಕಡ್ಡಿಗಳಂಥ ನರಗಳಿರುತ್ತವೆ, ಮೂರು ಗಂಟೆ ಸಣ್ಣ ಉರಿಯಲ್ಲಿ ಬೆಂದ ಮೇಲೆಯೇ ಅವು ಕೈಗೆ ಬರುವುದು. ಹೆಂಡತಿ ಅದಕ್ಕೆ ಕಾಳುಮೆಣಸು, ಕೊತ್ತಂಬರಿ ಹುರಿದು ಅರೆದು ಸಾರು ಮಾಡಿದಳು, ಜೊತೆಗೆ ಕಡುಬು.

ಸ್ವಚ್ಛ ಮಾಡುವಾಗ ಕತ್ತಿನ ಬುಡದ ಮೇವಿನ ಚೀಲವನ್ನು ನಾನು ಎಂದೂ ಬಿಸಾಡುವುದಿಲ್ಲ, ಸೀಳಿ ತಟ್ಟೆಗೆ ಸುರಿಯುತ್ತೇನೆ. ಅದರಲ್ಲಿ ಕ್ಲೋವರ್ ಸೊಪ್ಪು, ಹುಲ್ಲಿನ ಬೀಜ, ಹತ್ತಾರು ಎಳೆ ಮಿಡತೆಗಳಿದ್ದವು. ನಾನು ಕುಳಿತಿದ್ದ ಓಕ್ ಕಾಡಿನಲ್ಲಿ ಕ್ಲೋವರ್ ಇಲ್ಲ. ಅದು ಇರುವುದು ಹಳ್ಳದ ಆಚೆ, ವಿದ್ಯುತ್ ತಂತಿ ಹಾದುಹೋಗುವ ಬಯಲಿನಲ್ಲಿ. ಹೆಚ್ಚುವರಿ ಪರವಾನಗಿಯ ಇನ್ನೊಂದು ಚೀಟಿ ನನ್ನ ಜೇಬಿನಲ್ಲಿತ್ತು, ಅವಧಿ ಮುಗಿಯಲು ಮೂರು ದಿನ ಬಾಕಿಯಿತ್ತು. ಎರಡು ದಿನ ಬಿಟ್ಟು ಬೆಳಿಗ್ಗೆ ಒಂಬತ್ತಕ್ಕೆ ಆ ಬಯಲಿನ ಅಂಚಿನ ಮರವೊಂದಕ್ಕೆ ಬೆನ್ನು ಕೊಟ್ಟು ಕುಳಿತೆ.