ಬುಷ್ ದ ನೊಯೆಲ್ ಸುತ್ತುವಾಗ ಬಿರುಕು ಬಿಡ್ತಿತ್ತು, ಹೀಗೆ ಸರಿಹೋಯ್ತು

ಫ್ರಾನ್ಸಲ್ಲಿ ಕ್ರಿಸ್ಮಸ್ ಹಿಂದಿನ ರಾತ್ರಿ ಒಲೇಲಿ ದೊಡ್ಡ ದಿಮ್ಮಿ ಉರಿಸೋ ಪದ್ಧತಿ ಇತ್ತು, ಅದರ ನೆನಪಿಗೆ ದಿಮ್ಮಿ ಥರ ಸುತ್ತಿ ಮಾಡೋ ಕೇಕೇ ಈ ಬುಷ್ ದ ನೊಯೆಲ್. ನಮ್ಮನೆ ಓಟಿಜಿಲಿ (ಚಿಕ್ಕ ಕರೆಂಟ್ ಓವನ್) ಸ್ಪಾಂಜ್ ಚೆನ್ನಾಗೇ ಉಬ್ಬೋದು, ಆದ್ರೆ ಕ್ರೀಮ್ ಹಚ್ಚಿ ಸುತ್ತಕ್ಕೆ ಹೋದ್ರೆ ನಡುವೆ ಸೀಳೋದು. ಕಾರಣ ಏನಂದ್ರೆ ಸ್ಪಾಂಜ್ ಚಪ್ಪಟೆಯಾಗೇ ಆರಿದ್ರೆ ಅದೇ ಆಕಾರಕ್ಕೆ ಗಟ್ಟಿಯಾಗ್ಬಿಡತ್ತೆ, ಆಮೇಲೆ ಬಗ್ಗಲ್ಲ.

4 ಮೊಟ್ಟೆ 100 ಗ್ರಾಂ ಸಕ್ಕರೆ ಬೆಳ್ಳಗೆ ದಪ್ಪ ಆಗೋವರೆಗೂ ಬೀಟ್ ಮಾಡಿ (ಇದಕ್ಕೆ ತಾಳ್ಮೆ ಬೇಕು), 75 ಗ್ರಾಂ ಮೈದಾ 25 ಗ್ರಾಂ ಕೋಕೋ ಜರಡಿ ಹಿಡಿದು ಮೆತ್ತಗೆ ಬೆರೆಸಿ, ಬಟರ್ ಪೇಪರ್ ಹಾಕಿದ ಅಗಲ ಟ್ರೇಲಿ ತೆಳ್ಳಗೆ ಹರಡಿ 180 ಡಿಗ್ರಿಲಿ ಸುಮಾರು 10 ನಿಮಿಷ, ಮುಟ್ಟಿದ್ರೆ ವಾಪಸ್ ಪುಟಿದ್ರೆ ತೆಗೆದ್ಬಿಡಿ, ಸ್ವಲ್ಪ ಜಾಸ್ತಿ ಬಿಟ್ರೂ ಒಣಗತ್ತೆ. ಮುಖ್ಯ ವಿಷಯ ಇಲ್ಲಿದೆ: ಬಿಸಿ ಇದ್ದಾಗಲೇ ಕೋಕೋ ಉದುರಿಸಿದ ಹತ್ತಿ ಬಟ್ಟೆ ಮೇಲೆ ಬೋರಲು ಹಾಕಿ, ಪೇಪರ್ ಕಿತ್ತು, ಗಟ್ಟಿ ಅಂಚು ಕತ್ತರಿಸಿ, ಬಟ್ಟೆ ಸಮೇತ ಚಾಪೆ ಥರ ಸುತ್ತಿ ಹಾಗೇ ಆರಕ್ಕೆ ಬಿಡಿ. ಪೂರ್ತಿ ಆರಿದ್ಮೇಲೆ ಬಿಚ್ಚಿ ಕ್ರೀಮ್ ಹಚ್ಚಿ ಮತ್ತೆ ಸುತ್ತಿದೆ, ಒಂದು ಬಿರುಕೂ ಇಲ್ಲ, ಎಷ್ಟು ಖುಷಿ ಆಯ್ತು ಗೊತ್ತಾ! ಒಂದು ತುದಿ ಓರೆಯಾಗಿ ಕತ್ತರಿಸಿ ಪಕ್ಕಕ್ಕೆ ಕೊಂಬೆಯಾಗಿ ಅಂಟಿಸಿ, ಚಾಕೊಲೇಟ್ ಗನಾಶ್ (ಬಿಸಿ ಕ್ರೀಮಲ್ಲಿ ಕರಗಿಸಿದ ಚಾಕೊಲೇಟ್) ಬಳಿದು ಫೋರ್ಕಲ್ಲಿ ಗೀರಿದ್ರೆ ತೊಗಟೆ ರೆಡಿ.