ತಿರುಗಾಟದಿಂದ ಮನೆಗೆ ಬಂದ ಮೊದಲ ಅರ್ಧ ಗಂಟೆ

ಶಿವರಾತ್ರಿ ಕಳೆದು ಯುಗಾದಿ ಹತ್ತಿರವಾಗುವ ಹೊತ್ತಿಗೆ ಬೆಂಗಳೂರಿನಲ್ಲಿ ಭಾನುವಾರ ಮನೆಯೊಳಗೆ ಕೂರಲು ಯಾರಿಗೂ ಮನಸ್ಸಾಗುವುದಿಲ್ಲ. ಬಿಸಿಲು ಇನ್ನೂ ಸುಡುವಷ್ಟು ಏರಿರುವುದಿಲ್ಲ, ಮಳೆಯ ಭಯವಿಲ್ಲ, ಮಕ್ಕಳ ಪರೀಕ್ಷೆಗೆ ಸ್ವಲ್ಪ ಬಿಡುವು ಸಿಕ್ಕರೆ ಸಾಕು, ಸಾವನದುರ್ಗಕ್ಕೋ ಹೆಸರಘಟ್ಟದ ಹುಲ್ಲುಗಾವಲಿಗೋ ಮುತ್ತತ್ತಿಯ ಹೊಳೆದಂಡೆಗೋ ಬುತ್ತಿ ಕಟ್ಟಿಕೊಂಡು ಹೊರಡುತ್ತಾರೆ. ಪುಳಿಯೋಗರೆ, ಮೊಸರನ್ನ, ಕುಡಿಯುವ ನೀರು, ಹಾಸುವ ಜಮಖಾನ ಎಲ್ಲವನ್ನೂ ಲೆಕ್ಕ ಹಾಕಿ ತೆಗೆದುಕೊಳ್ಳುವವರು ಕಚ್ಚುವ ಹುಳುಗಳ ವಿಚಾರ ಬಂದಾಗ ಮಾತ್ರ ಸೊಳ್ಳೆಯ ಮುಲಾಮೊಂದನ್ನು ಚೀಲಕ್ಕೆ ಹಾಕಿ ಸುಮ್ಮನಾಗುವುದನ್ನು ನಾನು ನೋಡುತ್ತಲೇ ಬಂದಿದ್ದೇನೆ. ಮುಲಾಮು ಬೇಕು, ನಿಜ. ಆದರೆ ಮನೆಗೆ ಹಿಂದಿರುಗಿದ ಮೊದಲ ಅರ್ಧ ಗಂಟೆಯಲ್ಲಿ ಮಾಡುವ ಕೆಲಸ ಅದಕ್ಕಿಂತ ಮುಖ್ಯವೆಂಬುದು ನನ್ನ ಅನುಭವ.

ನನ್ನ ತವರು ತೀರ್ಥಹಳ್ಳಿಯ ಕಡೆ. ಬೇಸಿಗೆಯ ದಿನಗಳಲ್ಲಿ ಸೊಪ್ಪಿನಬೆಟ್ಟಕ್ಕೆ ಹೋಗಿ ದರಕು, ಅಂದರೆ ಉದುರಿದ ಒಣ ಎಲೆ, ಗುಡಿಸಿ ಬಂದವರು ನೇರವಾಗಿ ನಡುಮನೆಗೆ ಬರುವಂತಿರಲಿಲ್ಲ. ಹಿತ್ತಿಲಿನಿಂದ ಬಚ್ಚಲಿಗೆ ಹೋಗಿ, ಉಟ್ಟ ಬಟ್ಟೆಯನ್ನು ಅಲ್ಲೇ ಬಿಸಿನೀರಿನಲ್ಲಿ ಮುಳುಗಿಸಿ, ಹಂಡೆಯ ನೀರನ್ನು ತಲೆಯಿಂದ ಹೊಯ್ದುಕೊಂಡು ಮೈಯುಜ್ಜಿದ ಮೇಲೆಯೇ ಒಳಗೆ ಪ್ರವೇಶ. ಅಮ್ಮ ಇದನ್ನು ಮಡಿಯ ವಿಚಾರವಾಗಿ ಹೇಳುತ್ತಿರಲಿಲ್ಲ, ಉಣುಗಿನ ವಿಚಾರವಾಗಿಯೇ ಹೇಳುತ್ತಿದ್ದಳು. ನಮ್ಮ ಕಡೆ ಉಣುಗು ಎನ್ನುವುದನ್ನು ಇಲ್ಲಿ ಉಣ್ಣೆ ಎನ್ನುತ್ತಾರೆ, ನಾಯಿ ದನಗಳ ಮೈಮೇಲೆ ಎಲ್ಲರೂ ನೋಡಿರುತ್ತಾರೆ. ಮಳೆಗಾಲದಲ್ಲಿ ಇಂಬಳ, ಅಂದರೆ ಜಿಗಣೆ, ಹೇಗೋ, ನೆಲ ಒಣಗಿದ ಮೇಲೆ ಉಣುಗು ಹಾಗೆ.

ಉಣ್ಣೆ ಹಾರುವುದಿಲ್ಲ, ನೆಗೆಯುವುದೂ ಇಲ್ಲ. ಹುಲ್ಲಿನ ತುದಿಯಲ್ಲೋ ತರಗೆಲೆಯ ಮೇಲೋ ಮುಂಗಾಲುಗಳನ್ನು ಚಾಚಿಕೊಂಡು ಕಾಯುತ್ತಿದ್ದು, ಹಾದುಹೋಗುವ ಪ್ರಾಣಿಗೋ ಮನುಷ್ಯನಿಗೋ ಅಂಟಿಕೊಂಡು ಮೆಲ್ಲಗೆ ಮೇಲಕ್ಕೆ ಹರಿಯುತ್ತದೆ. ಕಚ್ಚಿದರೆ ನೋವಾಗುವುದಿಲ್ಲವಾದ್ದರಿಂದ ಗಂಟೆಗಟ್ಟಲೆ ಗೊತ್ತೇ ಆಗುವುದಿಲ್ಲ. ಮರಿ ಉಣ್ಣೆಯಂತೂ ಗಸಗಸೆ ಕಾಳಿನಷ್ಟು ಸಣ್ಣದು. ಮಲೆನಾಡಿನಲ್ಲಿ ಮಂಗನ ಕಾಯಿಲೆಯನ್ನು ಹರಡುವುದು ಹೆಚ್ಚಾಗಿ ಈ ಮರಿಗಳೇ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸಾಯತೊಡಗಿದಾಗ ಗುರುತಿಸಿದ ಈ ಕಾಯಿಲೆ ಚಳಿಗಾಲದಲ್ಲಿ ತಲೆಯೆತ್ತಿ ಮಳೆ ಹಿಡಿಯುವವರೆಗೂ ಇರುತ್ತದೆ, ಅಂದರೆ ಬೆಂಗಳೂರಿನವರು ಮಲೆನಾಡಿಗೆ ಚಾರಣ ಹೋಗಲು ಆರಿಸಿಕೊಳ್ಳುವ ತಿಂಗಳುಗಳಲ್ಲಿಯೇ. ಬೆಂಗಳೂರಿನ ಸುತ್ತಲಿನ ಬೆಟ್ಟಗಳಿಗೆ ಹೋಗುವವರು ಇದಕ್ಕಾಗಿ ಹೆದರಬೇಕಿಲ್ಲ. ಶಿವಮೊಗ್ಗ, ಚಿಕ್ಕಮಗಳೂರು, ಉತ್ತರ ಕನ್ನಡದ ಕಾಡುಗಳಿಗೆ ಹೋಗುವವರು ಮಾತ್ರ ಅಲ್ಲಿನ ಆರೋಗ್ಯ ಕೇಂದ್ರದಲ್ಲಿ ಮೊದಲೇ ವಿಚಾರಿಸಿಕೊಳ್ಳಬೇಕು, ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅವರಿಗೆ ತಿಳಿಸಬೇಕು. ಕಾಡಿಗೆ ಹೋಗುವವರಿಗೆಂದು ಅಲ್ಲಿ ಉಣ್ಣೆ ಹತ್ತದಂತೆ ಮೈಗೆ ಹಚ್ಚಿಕೊಳ್ಳುವ ಡೆಪಾ ಎಣ್ಣೆ ಹಂಚುತ್ತಾರೆ. ಅದನ್ನು ಬಳಸಲು ಸಂಕೋಚ ಬೇಡ.

ಹೊರಡುವ ದಿನದ ಉಡುಪಿನ ಬಗ್ಗೆ ನನ್ನ ಮಾತು ಇಷ್ಟೇ. ತೋಳು ಕಾಲು ಮುಚ್ಚುವ, ಸ್ವಲ್ಪ ಸಡಿಲವಾದ, ತಿಳಿ ಬಣ್ಣದ ಹತ್ತಿ ಬಟ್ಟೆ ಇರಲಿ. ತಿಳಿ ಬಣ್ಣದ ಮೇಲೆ ಉಣ್ಣೆ ಹರಿಯುವುದು ಕಣ್ಣಿಗೆ ಬೀಳುತ್ತದೆ, ಸೊಳ್ಳೆಗೂ ಕಡುಬಣ್ಣವೇ ಹೆಚ್ಚು ಇಷ್ಟ. ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿಕೊಂಡರೆ ನೋಡಲು ಚೆನ್ನಾಗಿ ಕಾಣದಿರಬಹುದು, ಆದರೆ ಕೆಳಗಿನಿಂದ ಹತ್ತುವ ಹುಳುವಿಗೆ ಚರ್ಮ ಸಿಗುವುದಿಲ್ಲ. ಮುಲಾಮು ಹಚ್ಚುವುದರಲ್ಲಿಯೂ ಒಂದು ಕ್ರಮವಿದೆ: ಬಿಸಿಲಿನ ಕ್ರೀಮ್ ಮೊದಲು, ಅದು ಒಣಗಿದ ಮೇಲೆ ಹುಳುವಿನ ಮುಲಾಮು. ಹುಳುಗಳನ್ನು ದೂರವಿಡುವ ಡೀಟ್ ಎಂಬ ರಾಸಾಯನಿಕ ಇರುವ ಮುಲಾಮನ್ನು ಮಕ್ಕಳ ಅಂಗೈಗೆ ಹಚ್ಚಬಾರದು, ಅವರು ಅದೇ ಕೈಯನ್ನು ಕಣ್ಣಿಗೂ ಬಾಯಿಗೂ ಒಯ್ಯುತ್ತಾರೆ. ಎರಡು ತಿಂಗಳು ತುಂಬದ ಕೂಸಿಗೆ ಅದನ್ನು ಹಚ್ಚಲೇಬಾರದು, ಸೊಳ್ಳೆಪರದೆಯೇ ಸರಿ. ಕನ್ನಡಕದ ಪ್ಲಾಸ್ಟಿಕ್ ಚೌಕಟ್ಟಿಗೆ ಅದು ತಗುಲಿದರೆ ಮೆರುಗು ಹಾಳಾಗುತ್ತದೆ. ಬೇವಿನ ಎಣ್ಣೆಯನ್ನೂ ನಿಂಬೆಹುಲ್ಲಿನ ಎಣ್ಣೆಯನ್ನೂ ನಾನು ಮನೆಯಲ್ಲಿ ಬಳಸುತ್ತೇನೆ, ಅವುಗಳ ಮೇಲೆ ನನಗೆ ಗೌರವವಿದೆ. ಆದರೆ ಅವುಗಳ ಕಾವಲು ಬೇಗ ಇಳಿದುಹೋಗುವುದರಿಂದ ಇಡೀ ದಿನದ ತಿರುಗಾಟಕ್ಕೆ ಅವನ್ನು ಮಾತ್ರ ನಂಬಿಕೊಳ್ಳುವುದು ಸರಿಯಲ್ಲ.

ಬುತ್ತಿ ಬಿಚ್ಚಲು ಜಾಗ ಆರಿಸುವಾಗ ನೆರಳೊಂದನ್ನೇ ನೋಡಬೇಡಿ. ದನಗಳು ಮಲಗೆದ್ದು ಹೋಗುವ ಮರದಡಿ ಉಣ್ಣೆ ಉದುರಿರುತ್ತದೆ; ಸಗಣಿಯ ಗುರುತಿದ್ದರೆ ಮುಂದಕ್ಕೆ ಹೋಗಿ. ಮಾವಿನ ಮರವಾದರೆ ಒಮ್ಮೆ ತಲೆಯೆತ್ತಿ, ಎಲೆಗಳನ್ನು ಅಂಟಿಸಿ ಕಟ್ಟಿದ ಕೆಂಜಿಗದ ಗೂಡಿದೆಯೇ ಎಂದು ನೋಡಿ. ಹೊಳೆಯ ದಂಡೆಯಲ್ಲಿ ಸಂಜೆಯ ಹೊತ್ತು ನುಸಿಯ ಕಾಟವಿರುತ್ತದೆ, ಗಾಳಿಯಾಡುವ ಎತ್ತರದ ಬಯಲಿನಲ್ಲಿ ಅದು ನಿಲ್ಲುವುದಿಲ್ಲ. ಬಂಡೆಯ ಇಳಿಜಾರಿನಲ್ಲಿಯೋ ಎತ್ತರದ ಕೊಂಬೆಯಲ್ಲಿಯೋ ಹೆಜ್ಜೇನು ತೂಗುತ್ತಿದ್ದರೆ ಅದರ ಸಮೀಪ ಒಲೆ ಹೊತ್ತಿಸುವುದು, ಕಲ್ಲೆಸೆಯುವುದು, ಗಟ್ಟಿಯಾಗಿ ಕೂಗುವುದು ಯಾವುದೂ ಸಲ್ಲದು. ಒಂದು ಹುಳು ಚುಚ್ಚಿದಾಗ ಹೊರಬೀಳುವ ವಾಸನೆಯೇ ಉಳಿದವನ್ನು ಅಲ್ಲಿಗೆ ಕರೆತರುತ್ತದೆ, ಆದ್ದರಿಂದ ಅವು ಎದ್ದರೆ ಕೈಬೀಸುತ್ತ ನಿಲ್ಲದೆ ಮುಖ ಮುಚ್ಚಿಕೊಂಡು ಓಡಿ, ಕಾರಿನೊಳಗೋ ಮನೆಯೊಳಗೋ ಸೇರಿ ಬಾಗಿಲು ಹಾಕಿಕೊಳ್ಳಬೇಕು.

ಇನ್ನು ಆ ಅರ್ಧ ಗಂಟೆಯ ವಿಚಾರಕ್ಕೆ ಬರುತ್ತೇನೆ. ಬಾಗಿಲಲ್ಲೇ ಬೂಟು ಕಳಚಿ, ಚೀಲವನ್ನೂ ಜಮಖಾನವನ್ನೂ ಹಾಸಿಗೆಯ ಮೇಲೆ ಹಾಕದೆ ಹೊರಗೇ ಝಾಡಿಸಿ, ನೇರವಾಗಿ ಸ್ನಾನಕ್ಕೆ ಹೋಗಬೇಕು. ದಣಿವಿನಿಂದ ಸೋಫಾದ ಮೇಲೆ ಹತ್ತು ನಿಮಿಷ ಒರಗುತ್ತೇನೆ ಎನ್ನುವವರನ್ನು ನಾನು ಬಿಡುವುದಿಲ್ಲ. ಬಟ್ಟೆಗೆ ಕೈ ತಾಳದಷ್ಟು ಬಿಸಿಯಾದ ನೀರು ಬೇಕು, ಬೆಚ್ಚಗಿನ ನೀರಿನಲ್ಲಿ ಉಣ್ಣೆ ಸಾಯುವುದಿಲ್ಲ. ಒಣಗಿದ ಮೇಲೆ ಹೊಲಿಗೆಯ ಮಡಿಕೆಗಳ ಮೇಲೆ ಇಸ್ತ್ರಿ ಆಡಿಸಿದರೆ ಇನ್ನೂ ಒಳ್ಳೆಯದು. ಸ್ನಾನದ ಹೊತ್ತಿನಲ್ಲಿ ಕಿವಿಯ ಹಿಂದೆ, ಕೂದಲಂಚಿನಲ್ಲಿ, ಕಂಕುಳು, ಹೊಕ್ಕುಳು, ಸೊಂಟದ ಪಟ್ಟಿಯ ಜಾಗ, ತೊಡೆಸಂದು, ಮಂಡಿಯ ಹಿಂಭಾಗ, ಬೆರಳ ಸಂದು ಇವನ್ನೆಲ್ಲ ಬೆಳಕಿನಲ್ಲಿ ನೋಡಿಕೊಳ್ಳಬೇಕು. ಸಣ್ಣ ಮಕ್ಕಳದ್ದನ್ನು ದೊಡ್ಡವರು ನೋಡಬೇಕು. ಜೊತೆಗೆ ನಾಯಿ ಬಂದಿದ್ದರೆ ಅದರ ಕಿವಿಯ ಒಳಗೂ ಪಾದದ ಸಂದುಗಳಲ್ಲೂ ಅದೇ ದಿನ ಹುಡುಕಬೇಕು.

ಕಚ್ಚಿಕೊಂಡಿರುವ ಉಣ್ಣೆ ಸಿಕ್ಕಾಗ ಮಾಡಬಾರದ ಕೆಲಸವನ್ನು ನಮ್ಮ ಮನೆಯಲ್ಲಿಯೇ ಮಾಡಿ ಕಲಿತಿದ್ದೇವೆ. ಮಗಳು ಚಿಕ್ಕವಳಿದ್ದಾಗ ಅವಳ ಮಂಡಿಯ ಹಿಂದೆ ಒಂದು ಕಂಡಿತು. ನಮ್ಮ ಯಜಮಾನರು ಊದಿನಕಡ್ಡಿಯ ಕೆಂಡ ತಾಗಿಸಿದರೆ ತಾನಾಗಿ ಬಿಡುತ್ತದೆಂದು ಹಾಗೆಯೇ ಮಾಡಿದರು. ಉಣ್ಣೆ ಬಿಡಲಿಲ್ಲ, ಅವಳ ಚರ್ಮ ಸುಟ್ಟು ಆ ಗಾಯ ಮಾಗಲು ಹತ್ತು ದಿನ ಹಿಡಿಯಿತು. ಕೆಂಡ, ಸೀಮೆಎಣ್ಣೆ, ಸುಣ್ಣ, ವ್ಯಾಸಲಿನ್ ಯಾವುದೂ ಬೇಡ. ಹೀಗೆ ಕೆಣಕಿದಾಗ ಅದರ ಬಾಯಿಯಿಂದ ರೋಗದ ವಿಷ ಗಾಯದೊಳಕ್ಕೆ ಇಳಿಯುವ ಅಪಾಯ ಹೆಚ್ಚುತ್ತದೆ. ತುದಿ ಸಣ್ಣಗಿರುವ ಚಿಮಟದಿಂದ, ಹೊಟ್ಟೆಯನ್ನು ಹಿಸುಕದೆ, ಚರ್ಮಕ್ಕೆ ತೀರ ಹತ್ತಿರ ಹಿಡಿದು, ತಿರುಚದೆ, ಒಂದೇ ಸಮನಾಗಿ ಮೇಲಕ್ಕೆ ಎಳೆಯಬೇಕು. ಬಳಿಕ ಜಾಗವನ್ನೂ ಕೈಯನ್ನೂ ಸೋಪು ನೀರಿನಿಂದ ತೊಳೆಯಬೇಕು. ಕಿತ್ತ ಉಣ್ಣೆಯನ್ನು ಉಗುರಿನಿಂದ ಕುಕ್ಕುವ ಅಭ್ಯಾಸವನ್ನು ದಯವಿಟ್ಟು ಬಿಡಿ, ಅಂಟುಪಟ್ಟಿಯೊಳಗೆ ಬಿಗಿಯಾಗಿ ಸುತ್ತಿ ಕಸಕ್ಕೆ ಹಾಕಿ.

ಸೊಳ್ಳೆ, ನುಸಿ, ಇರುವೆ ಕಚ್ಚಿದ್ದಕ್ಕೆ ಸೋಪಿನಲ್ಲಿ ತೊಳೆದು ತಣ್ಣೀರ ಬಟ್ಟೆ ಇಟ್ಟು ಕ್ಯಾಲಮೈನ್ ಹಚ್ಚಿದರೆ ಸಾಕು. ಮಕ್ಕಳ ಉಗುರು ಕತ್ತರಿಸಿರಬೇಕು, ಕೆರೆದ ಗಾಯವೇ ಕೀವಾಗುವುದು. ಜೇನು ಚುಚ್ಚಿದ್ದರೆ ಮುಳ್ಳನ್ನು ತಡಮಾಡದೆ ಕೀಳಬೇಕು. ತುಟಿ, ನಾಲಿಗೆ ಊದಿಕೊಂಡರೆ, ಉಸಿರು ಕಟ್ಟಿದರೆ, ತಲೆಸುತ್ತಿ ಬಿದ್ದರೆ ಮನೆಮದ್ದಿಗೆ ಒಂದು ಕ್ಷಣವನ್ನೂ ಕೊಡದೆ ಆಸ್ಪತ್ರೆಗೆ ಹೊರಡಬೇಕು.

ಹೋಗಿಬಂದ ದಿನ ಮತ್ತು ಊರಿನ ಹೆಸರನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆದಿಡುವುದು ನಮ್ಮ ಮನೆಯ ರೂಢಿ. ಮಂಗನ ಕಾಯಿಲೆ ಸಾಮಾನ್ಯವಾಗಿ ಮೂರರಿಂದ ಎಂಟು ದಿನಗಳಲ್ಲಿ ಕಾಣಿಸಿಕೊಳ್ಳುತ್ತದೆ, ಬೇರೆ ಕೆಲವು ಜ್ವರಗಳಿಗೆ ಮೂರು ವಾರವೂ ಹಿಡಿಯಬಹುದು. ಅಷ್ಟು ದಿನಗಳೊಳಗೆ ಜ್ವರ, ತೀವ್ರ ತಲೆನೋವು, ಮೈಕೈ ನೋವು ಬಂದರೆ, ಅಥವಾ ಮೈಮೇಲೆ ಎಲ್ಲಾದರೂ ಸುಟ್ಟಂಥ ಕಪ್ಪು ಹಕ್ಕಳೆ ಕಂಡರೆ, ಆಸ್ಪಿರಿನ್‌ನಂಥ ಮಾತ್ರೆಯನ್ನು ತಾವಾಗಿಯೇ ನುಂಗದೆ, ಕ್ಯಾಲೆಂಡರಿನಲ್ಲಿ ಬರೆದದ್ದನ್ನು ನೋಡಿಕೊಂಡು ಯಾವ ಕಾಡಿಗೆ ಎಂದು ಹೋಗಿದ್ದೆವೆಂಬುದನ್ನು ವೈದ್ಯರು ಕೇಳುವ ಮೊದಲೇ ಹೇಳಬೇಕು.